ತೆರಿಗೆ ಕಟ್ಟುವ ಕಟ್ಟಡಕ್ಕೆ ಟಿಕೆಟ್ ತೆಗೆದುಕೊಂಡು ಹೋದದ್ದು

"ಇದು ನೀಲಿ ಹಾಲ್" ಅಂದರು ಗೈಡ್. ನಾವೆಲ್ಲ ಕತ್ತೆತ್ತಿ ನೀಲಿ ಎಲ್ಲಿದೆ ಅಂತ ಹುಡುಕಿದೆವು. ಎಲ್ಲಿ ನೋಡಿದರೂ ಕೆಂಪು ಇಟ್ಟಿಗೆ. ಗೋಡೆ ಕೆಂಪು, ಕಮಾನು ಕೆಂಪು. ಪಕ್ಕದಲ್ಲಿದ್ದ ಅಕ್ಕ ನನ್ನ ಕಿವಿಯ ಹತ್ತಿರ ಬಗ್ಗಿ, "ಟೆಂಡರ್ ಆಗಿರುತ್ತೆ ಕಣೋ, ಬಣ್ಣ ಬಂದಿರಲ್ಲ" ಅಂದಳು.

ಅಕ್ಕ ಮೂವತ್ತು ವರ್ಷ ಒಂದು ನಗರಸಭೆಯಲ್ಲಿ ಗುಮಾಸ್ತೆಯಾಗಿ ಕೆಲಸ ಮಾಡಿ ರಿಟೈರ್ ಆದವಳು. ಮೊದಲು ಕಂದಾಯ ವಿಭಾಗ, ಆಮೇಲೆ ಜನನ-ಮರಣ, ಕೊನೆಗೆ ಟಪಾಲು. ಟೆಂಡರ್ ವಿಷಯ ಅವಳಿಗೆ ಗೊತ್ತು. ಆದರೆ ಈ ಸಲ ಅವಳ ಊಹೆ ತಪ್ಪಾಗಿತ್ತು. ಸ್ವೀಡನ್ನಿನ ಸ್ಟಾಕ್‌ಹೋಮ್ ಸಿಟಿ ಹಾಲ್ ಕಟ್ಟಿಸಿದ ವಾಸ್ತುಶಿಲ್ಪಿ ರಾಗ್ನಾರ್ ಓಸ್ಟ್‌ಬರ್ಗ್ ಮೊದಲು ಈ ಹಾಲಿಗೆ ನೀಲಿ ಬಣ್ಣ ಕೊಡಬೇಕು ಅಂತಲೇ ಇದ್ದರು. ಗೋಡೆ ಎದ್ದು ನಿಂತ ಮೇಲೆ ಆ ಕೆಂಪು ಇಟ್ಟಿಗೆಯನ್ನು ನೋಡಿ ಮನಸ್ಸು ಬದಲಾಯಿತು. ಇಷ್ಟು ಚೆನ್ನಾಗಿರುವುದರ ಮೇಲೆ ಬಣ್ಣ ಯಾಕೆ ಬಳಿಯಬೇಕು ಅಂತ ಬಿಟ್ಟುಬಿಟ್ಟರು. ಅಷ್ಟರಲ್ಲಿ ನಕ್ಷೆಯಲ್ಲಿ, ಜನರ ಬಾಯಲ್ಲಿ ಹೆಸರು ಕೂತುಬಿಟ್ಟಿತ್ತು. ಹಾಲ್ ಕೆಂಪಾಗಿಯೇ ಉಳಿಯಿತು, ಹೆಸರು ನೀಲಿಯಾಗಿ.

ಅಕ್ಕನಿಗೆ ಇದು ತುಂಬಾ ಹಿಡಿಸಿತು. "ಫೈಲಲ್ಲಿ ಒಂದು, ಸ್ಥಳದಲ್ಲಿ ಇನ್ನೊಂದು. ಎಲ್ಲ ಕಡೆನೂ ಹೀಗೇನಾ?"

ನಿಜ ಹೇಳಬೇಕೆಂದರೆ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಸ್ವಲ್ಪ ಕಷ್ಟಪಟ್ಟೆ. "ಜೀವಮಾನವೆಲ್ಲ ಆಫೀಸಲ್ಲೇ ಕೂತಿದ್ದೆ. ಪ್ರವಾಸಕ್ಕೆ ಬಂದರೆ ಇಲ್ಲೂ ಆಫೀಸೇ ತೋರಿಸ್ತೀಯಲ್ಲೋ" ಅಂತ ಗೊಣಗಿದ್ದಳು. ನನಗೆ ಸಿಟಿ ಹಾಲ್‌ಗಳ ಹುಚ್ಚು ಇದೆ. ಯಾವ ಊರಿಗೆ ಹೋದರೂ ಎಲ್ಲರೂ ಅರಮನೆ, ಕೋಟೆ, ಚರ್ಚು ಅಂತ ಪಟ್ಟಿ ಹಿಡಿದು ಓಡುತ್ತಾರೆ. ನಾನು ಮೊದಲು ಊರಿನ ಆಡಳಿತ ಕೂರುವ ಕಟ್ಟಡ ಎಲ್ಲಿದೆ ಅಂತ ಕೇಳುತ್ತೇನೆ. ರಾಜ ತನ್ನ ಬಗ್ಗೆ ಏನು ಅಂದುಕೊಂಡಿದ್ದ ಅನ್ನುವುದು ಅರಮನೆಯಲ್ಲಿ ಗೊತ್ತಾಗುತ್ತದೆ. ಊರು ತನ್ನ ಬಗ್ಗೆ ಏನು ಅಂದುಕೊಂಡಿತ್ತು ಅನ್ನುವುದು ಗೊತ್ತಾಗಬೇಕಾದರೆ ಇಲ್ಲಿಗೇ ಬರಬೇಕು.

ಕನ್ನಡದಲ್ಲಿ ಇದಕ್ಕೆ ಸರಿಯಾದ ಒಂದು ಪದ ಇಲ್ಲ ಅನ್ನಿಸುತ್ತದೆ. ಪುರಭವನ ಅಂದರೆ ಸಭೆ, ಸಮಾರಂಭ, ಭಾಷಣ ನೆನಪಾಗುತ್ತದೆ. ನಗರಸಭೆ ಅಂದರೆ ಅರ್ಜಿ, ಸಾಲು, ಸೀಲು. ನಾನು ಹೇಳುತ್ತಿರುವ ಕಟ್ಟಡಗಳಲ್ಲಿ ಇವೆರಡೂ ಒಂದೇ ಸೂರಿನಡಿ ಇರುತ್ತವೆ. ಮೇಲೆ ಚಿನ್ನದ ಹಾಲ್, ಕೆಳಗೆ ಅರ್ಜಿ ಕೊಡುವ ಕೌಂಟರು.

ಚಿನ್ನದ ಹಾಲ್ ಅಂದದ್ದು ಅಲಂಕಾರಕ್ಕಲ್ಲ. ಸ್ಟಾಕ್‌ಹೋಮಿನಲ್ಲಿ ನೀಲಿ ಹಾಲಿನಿಂದ ಮೆಟ್ಟಿಲು ಹತ್ತಿ ಹೋದರೆ ನಿಜವಾಗಲೂ ಒಂದು ಚಿನ್ನದ ಹಾಲ್ ಇದೆ. ಗಾಜು ಮತ್ತು ಚಿನ್ನದ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಚೂರುಗಳನ್ನು ಗೋಡೆಗೆ ಕೂರಿಸಿದ್ದಾರೆ. ಮಾಡಿದವರು ಐನಾರ್ ಫೋರ್ಸೆತ್ ಅನ್ನುವ ಕಲಾವಿದರು. ಎದುರು ಗೋಡೆಯ ತುಂಬ ಮೆಲಾರೆನ್ ಸರೋವರದ ರಾಣಿ ಕೂತಿದ್ದಾಳೆ. ಅವಳ ಕಣ್ಣು ದೊಡ್ಡದು, ಕೂದಲು ಹಾವಿನ ಹಾಗೆ. ಹೊಸದರಲ್ಲಿ ಊರಿನವರು ಈ ರಾಣಿಯನ್ನು ಚೆನ್ನಾಗಿ ಬೈದಿದ್ದರಂತೆ. ಇನ್ನೊಂದು ಗೋಡೆಯ ಮೇಲ್ತುದಿಯಲ್ಲಿ ಊರಿನ ಸಂತ ಎರಿಕ್ ಕುದುರೆ ಮೇಲೆ ಕೂತಿದ್ದಾನೆ. ಆದರೆ ಅವನಿಗೆ ತಲೆಯೇ ಇಲ್ಲ. ಗೋಡೆಯ ಎತ್ತರದ ಲೆಕ್ಕ ತಪ್ಪಿ, ಚಿತ್ರ ಸೂರಿಗೆ ಹೋಗಿ ತಾಗಿತು ಅನ್ನುವುದು ಗೈಡ್‌ಗಳು ಹೇಳುವ ಕಥೆ. ಇಷ್ಟು ಚಿನ್ನ ಹಾಕಿ ತಲೆಗೆ ಜಾಗ ಬಿಡುವುದನ್ನು ಮರೆತರು ಅಂದರೆ, ಅದು ಸರಕಾರಿ ಕಟ್ಟಡವೇ ಅಂತ ಅಕ್ಕನಿಗೆ ಆಗ ಪೂರ್ತಿ ನಂಬಿಕೆ ಬಂತು.

ಕಟ್ಟಡಕ್ಕೆ ಹಿಡಿದದ್ದು ಹನ್ನೆರಡು ವರ್ಷ. 1911ರಲ್ಲಿ ಶುರು, 1923ರಲ್ಲಿ ಉದ್ಘಾಟನೆ. ಸುಮಾರು 80 ಲಕ್ಷ ಇಟ್ಟಿಗೆ. ಗೋಪುರದ ಎತ್ತರ 106 ಮೀಟರ್. ಪಕ್ಕದ ದೇಶದ ಕೋಪನ್‌ಹೇಗನ್ ಸಿಟಿ ಹಾಲಿಗಿಂತ ಇದು ಒಂಚೂರು ಎತ್ತರ. ಆ ಒಂಚೂರು ಸುಮ್ನೆ ಬಂದದ್ದಲ್ಲ ಅಂತ ಎಲ್ಲರೂ ಹೇಳುತ್ತಾರೆ. ಊರುಗಳಿಗೂ ಹೊಟ್ಟೆಕಿಚ್ಚು ಇರುತ್ತದೆ.

ಇಲ್ಲಿಗೆ ಜನ ಜಾಸ್ತಿ ಬರುವುದು ನೊಬೆಲ್ ಔತಣದ ಹೆಸರು ಕೇಳಿ. ಪ್ರತಿ ಡಿಸೆಂಬರ್ 10ರ ರಾತ್ರಿ ನೀಲಿ ಹಾಲಿನಲ್ಲಿ ಸುಮಾರು 1,300 ಜನ ಊಟಕ್ಕೆ ಕೂರುತ್ತಾರೆ. ಅಲ್ಲಿಯ ಮೆಟ್ಟಿಲುಗಳನ್ನು ತಗ್ಗಾಗಿ, ಅಗಲವಾಗಿ ಮಾಡಿದ್ದಾರೆ. ಉದ್ದ ಉಡುಪು ತೊಟ್ಟವರು ಕೆಳಗೆ ನೋಡದೆ ತಲೆ ಎತ್ತಿಕೊಂಡೇ ಇಳಿಯಬಹುದು. ನಾನೂ ಹಾಗೆ ಇಳಿಯಲು ನೋಡಿದೆ. ಮೂರನೇ ಮೆಟ್ಟಿಲಿಗೆ ಕೆಳಗೆ ನೋಡಿದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಿನ್ನವೂ ಅಲ್ಲ, ಔತಣವೂ ಅಲ್ಲ. ನಗರ ಪರಿಷತ್ತಿನ ಸಭಾಂಗಣ. 101 ಸದಸ್ಯರು ಕೂರುವ ಜಾಗ. ಮೇಲೆ ನೋಡಿದರೆ ಮರದ ತೊಲೆಗಳ ಸೂರು ದೋಣಿಯೊಂದನ್ನು ಬೋರಲು ಹಾಕಿದ ಹಾಗಿದೆ. ಹಳೆಯ ವೈಕಿಂಗ್ ಜನರ ಮನೆಗಳ ನೆನಪಿಗೆ ಅಂತೆ. ಒಂದು ಬದಿಯಲ್ಲಿ ಸಾರ್ವಜನಿಕರಿಗೆ ಗ್ಯಾಲರಿ. ಸಭೆ ನಡೆಯುವ ದಿನ ಯಾರು ಬೇಕಾದರೂ ಬಂದು ಅಲ್ಲಿ ಕೂತು ಕೇಳಬಹುದು. ಗೈಡ್ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದರು. ಗುಂಪೂ ಹೋಯಿತು. ಅಕ್ಕ ಮಾತ್ರ ಆ ಗ್ಯಾಲರಿಯನ್ನೇ ನೋಡುತ್ತಾ ನಿಂತಳು. "ಮೇಲಿಂದ ಕೂತು ನೋಡ್ತಾರಾ? ಪಾಪ, ಕೆಳಗಿರೋರಿಗೆ ನಿದ್ದೆ ಮಾಡೋಕೂ ಆಗಲ್ಲ."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಇಂಥ ಕಟ್ಟಡಗಳ ಅಲಂಕಾರವೆಲ್ಲ ನಮ್ಮಂಥ ಪ್ರವಾಸಿಗಳಿಗೆ ಅಂತ ಅಂದುಕೊಂಡು ನಾವು ಫೋಟೊ ತೆಗೆಯುತ್ತೇವೆ. ಅದು ಮಾತಾಡುತ್ತಿರುವುದು ನಮ್ಮ ಜೊತೆ ಅಲ್ಲವೇ ಅಲ್ಲ. ಒಳಗೆ ಕೂತು ಕೆಲಸ ಮಾಡುವವರ ಜೊತೆ. ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುವುದಷ್ಟೇ ನಮ್ಮ ಪಾಲು.

ಇದನ್ನು ಸರಿಯಾಗಿ ನೋಡಬೇಕಾದರೆ ಇಟಲಿಯ ಸಿಯೆನಾಕ್ಕೆ ಹೋಗಬೇಕು. ಅಲ್ಲಿಯ ಪಲಾಜ್ಜೊ ಪುಬ್ಲಿಕೊ 1297ರಲ್ಲಿ ಶುರುವಾದ ಕಟ್ಟಡ. ಏಳು ಶತಮಾನ ದಾಟಿದ್ದರೂ ಊರಿನ ಆಡಳಿತ ಇನ್ನೂ ಅದರೊಳಗೇ ಇದೆ. ಪಕ್ಕದ ಗೋಪುರವನ್ನು 1338ರಿಂದ 1348ರ ನಡುವೆ ಎತ್ತಿದರು. ತಗ್ಗಿನಲ್ಲಿ ನಿಂತ ಈ ಗೋಪುರದ ತುದಿ, ದಿಬ್ಬದ ಮೇಲಿರುವ ಕ್ಯಾಥೆಡ್ರಲ್ ಗೋಪುರದ ತುದಿಗೆ ಸಮನಾಗಿ ಬರಬೇಕು ಅಂತ ಲೆಕ್ಕ ಹಾಕಿ ಕಟ್ಟಿದ್ದಾರೆ. ದೇವರಿಗಿಂತ ಮೇಲೆ ಹೋಗುವುದು ಬೇಡ, ಕೆಳಗೂ ಬೇಡ. ಗಂಟೆ ಹೊಡೆಯಲು ಇದ್ದ ಮೊದಲ ಆಳಿಗೆ ದುಡಿದದ್ದನ್ನೆಲ್ಲ ತಿಂದು ಮುಗಿಸುವವನು ಅನ್ನುವ ಅಡ್ಡಹೆಸರು. ಗೋಪುರಕ್ಕೂ ಅದೇ ಹೆಸರು ಬಂತು, ತೊರ್ರೆ ದೆಲ್ ಮಾಂಜಾ. ಕಟ್ಟಿಸಿದ ದೊಡ್ಡವರ ಹೆಸರು ಯಾರ ಬಾಯಲ್ಲೂ ಇಲ್ಲ. ಗಂಟೆ ಹೊಡೆಯುವವನ ಹೆಸರು ಉಳಿದಿದೆ. ನನಗೆ ಇದು ಯಾಕೋ ಬಹಳ ಇಷ್ಟ.

ಆ ಕಾಲದಲ್ಲಿ ಸಿಯೆನಾವನ್ನು ಆಳುತ್ತಿದ್ದದ್ದು ಒಂಬತ್ತು ಜನರ ಒಂದು ಮಂಡಳಿ. ಒಬ್ಬೊಬ್ಬರ ಅವಧಿ ಎರಡೇ ತಿಂಗಳು. ಆ ಎರಡು ತಿಂಗಳೂ ಅವರು ಈ ಕಟ್ಟಡದಲ್ಲೇ ವಾಸ ಮಾಡಬೇಕು. ಹೊರಗಿನವರ ಪ್ರಭಾವಕ್ಕೆ ಸಿಕ್ಕಬಾರದು ಅಂತ ಮನೆಗೂ ಸುಮ್ಮನೆ ಹೋಗಿಬರುವ ಹಾಗಿರಲಿಲ್ಲ. "ಎರಡೇ ತಿಂಗಳಾ?" ಅಂದಳು ಅಕ್ಕ. "ಆರ್ಡರ್ ಟೈಪ್ ಆಗಿ ಸಹಿ ಆಗೋಷ್ಟರಲ್ಲಿ ಮುಗೀತು."

ಈ ಒಂಬತ್ತು ಜನ ಕೂರುತ್ತಿದ್ದ ಕೋಣೆಯ ಮೂರು ಗೋಡೆಗಳ ಮೇಲೆ 1338-39ರಲ್ಲಿ ಅಂಬ್ರೋಜೊ ಲೊರೆನ್ಸೆತ್ತಿ ಚಿತ್ರ ಬರೆದರು. ಒಂದು ಗೋಡೆಯಲ್ಲಿ ಒಳ್ಳೆಯ ಆಡಳಿತ ಅಂದರೆ ಏನು ಅನ್ನುವುದು. ಇನ್ನೊಂದರಲ್ಲಿ ಅದರಿಂದ ಊರಿಗೂ ಹಳ್ಳಿಗೂ ಆಗುವ ಒಳ್ಳೆಯದು. ಅದರ ಎದುರು ಗೋಡೆಯಲ್ಲಿ ಕೆಟ್ಟ ಆಡಳಿತ. ದೇವರ ಕಥೆಯಲ್ಲ, ಯುದ್ಧ ಗೆದ್ದ ಕಥೆಯೂ ಅಲ್ಲ. ಬರೀ ಆಡಳಿತ. ಆ ಕಾಲಕ್ಕೆ ಇದು ಎಷ್ಟು ಹೊಸದು ಅಂತ ಯೋಚಿಸಿ.

ಒಳ್ಳೆಯ ಊರಿನ ಗೋಡೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ಹುಡುಗಿಯರ ಹಾಗೆ ಕಾಣುವ ಒಂದು ಗುಂಪು ಬೀದಿಯಲ್ಲಿ ಕೈ ಹಿಡಿದು ಕುಣಿಯುತ್ತಿದೆ. ಚಪ್ಪಲಿ ಅಂಗಡಿ ತೆರೆದಿದೆ. ಮೇಷ್ಟ್ರು ಪಾಠ ಹೇಳುತ್ತಿದ್ದಾರೆ. ಮೇಲೆ ಗಾರೆ ಕೆಲಸದವರು ಮನೆ ಕಟ್ಟುತ್ತಿದ್ದಾರೆ. ಊರ ಬಾಗಿಲಿನಿಂದಾಚೆ ಹೊಲದಲ್ಲಿ ಕೊಯ್ಲು ನಡೆದಿದೆ. ಬಾಗಿಲ ಮೇಲೆ ಭದ್ರತೆ ಅನ್ನುವ ಒಬ್ಬಳು ಹಾರುತ್ತಿದ್ದಾಳೆ. ನೋಡಲು ದೇವತೆಯ ಹಾಗೇ ಇದ್ದಾಳೆ, ಕೈಯಲ್ಲಿ ಮಾತ್ರ ನೇಣುಗಂಬ ಹಿಡಿದಿದ್ದಾಳೆ. ಲೊರೆನ್ಸೆತ್ತಿ ಕನಸುಗಾರ ಅಲ್ಲ ಅನ್ನುವುದಕ್ಕೆ ಇಷ್ಟು ಸಾಕು.

ನಡುವಿನ ಗೋಡೆಯಲ್ಲಿ ಒಂದು ಹಗ್ಗ ಇದೆ. ಅದು ನ್ಯಾಯದ ತಕ್ಕಡಿಯಿಂದ ಇಳಿಯುತ್ತದೆ. ಕೆಳಗೆ ಒಮ್ಮತ ಅನ್ನುವ ಹೆಣ್ಣು ಕೂತಿದ್ದಾಳೆ. ಅವಳ ತೊಡೆಯ ಮೇಲೆ ಬಡಗಿಯ ಉಜ್ಜುಗೊರಡು. ಎತ್ತರ ತಗ್ಗು ಇದ್ದದ್ದನ್ನೆಲ್ಲ ಅದರಲ್ಲಿ ಹೆರೆದು ಸಮ ಮಾಡಬೇಕು ಅಂತ. ಹಗ್ಗ ಅವಳ ಕೈಯಿಂದ ಸಾಲಾಗಿ ನಿಂತ 24 ನಾಗರಿಕರ ಕೈಗೆ ಹೋಗುತ್ತದೆ. ಅವರ ಕೈಯಿಂದ ಊರಿನ ಆಡಳಿತವನ್ನೇ ಪ್ರತಿನಿಧಿಸುವ ಮುದುಕನ ಕೈಗೆ. ಎಲ್ಲರೂ ಒಂದೇ ಹಗ್ಗ ಹಿಡಿದಿದ್ದಾರೆ. ಒಬ್ಬ ಎಳೆದರೆ ಎಲ್ಲರಿಗೂ ಗೊತ್ತಾಗುತ್ತದೆ.

ಎದುರು ಗೋಡೆಯಲ್ಲಿ ಕೊಂಬಿರುವ ದಬ್ಬಾಳಿಕೆ ಕೂತಿದೆ. ಅದರ ಕಾಲ ಕೆಳಗೆ ನ್ಯಾಯವನ್ನು ಕಟ್ಟಿಹಾಕಿದ್ದಾರೆ. ಆ ಊರಿನಲ್ಲಿ ಯಾವ ಕಸುಬೂ ನಡೆಯುತ್ತಿಲ್ಲ, ಆಯುಧ ಮಾಡುವವನ ಕುಲುಮೆ ಒಂದನ್ನು ಬಿಟ್ಟು. ಈ ಗೋಡೆಯೇ ಜಾಸ್ತಿ ಹಾಳಾಗಿದೆ. ಬಣ್ಣ ಉದುರಿ ಮುಖಗಳೇ ಇಲ್ಲದ ಹಾಗಾಗಿದೆ.

ಈಗ ಆ ಒಂಬತ್ತು ಜನ ಕೂತಿದ್ದನ್ನು ನೆನೆಸಿಕೊಳ್ಳಿ. ಯಾವ ಕಡೆ ತಿರುಗಿದರೂ ಗೋಡೆ ಅವರನ್ನು ನೋಡುತ್ತಿದೆ. ತೆರಿಗೆ ಏರಿಸಬೇಕೋ ಬೇಡವೋ ಅಂತ ಚರ್ಚೆ ಮಾಡುವಾಗ ಬಲಗಡೆ ಕುಣಿಯುವ ಹುಡುಗಿಯರು, ಎಡಗಡೆ ಕುಲುಮೆ. ಅಕ್ಕ ಅಷ್ಟು ಹೊತ್ತು ಸುಮ್ಮನಿದ್ದವಳು, "ನಮ್ಮ ಆಫೀಸಲ್ಲಿ ಕ್ಯಾಲೆಂಡರ್ ಇತ್ತು" ಅಂದಳು.

ಚಿತ್ರ ಇದ್ದ ಮಾತ್ರಕ್ಕೆ ಆಡಳಿತ ಉಳಿಯಲಿಲ್ಲ. ಹತ್ತು ವರ್ಷ ಆಗುವಷ್ಟರಲ್ಲಿ, 1348ರಲ್ಲಿ, ಪ್ಲೇಗ್ ಬಂದು ಊರನ್ನು ಬರಿದು ಮಾಡಿತು. ಒಂಬತ್ತು ಜನರ ಆಡಳಿತ 1355ರಲ್ಲಿ ಬಿತ್ತು. ಗೋಡೆ ಮಾತ್ರ ಹಾಗೇ ಇದೆ, ಬಂದವರಿಗೆಲ್ಲ ಅದೇ ಪಾಠ ಒಪ್ಪಿಸುತ್ತಾ.

ಆಮ್‌ಸ್ಟರ್‌ಡ್ಯಾಮ್‌ಗೆ ನಾನು ಒಬ್ಬನೇ ಹೋದದ್ದು, ಬೇರೆ ಸಲ. ಡಾಮ್ ಚೌಕದಲ್ಲಿ ಇವತ್ತು ಅರಮನೆ ಅಂತ ಕರೆಯುವ ಕಟ್ಟಡ ಮೊದಲು ಊರಿನ ಟೌನ್ ಹಾಲ್. ಯಾಕೊಬ್ ವಾನ್ ಕಾಂಪೆನ್ ಅದರ ವಾಸ್ತುಶಿಲ್ಪಿ, 1648ರಲ್ಲಿ ಕೆಲಸ ಶುರು. ಕೆಸರು ನೆಲದಲ್ಲಿ ಅಷ್ಟು ಭಾರ ನಿಲ್ಲಬೇಕಲ್ಲ, ಅದಕ್ಕೆ ಕೆಳಗೆ 13,659 ಮರದ ಕಂಬ ಹೂತಿದ್ದಾರೆ. ಈ ಸಂಖ್ಯೆ ಅಲ್ಲಿಯ ಮಕ್ಕಳಿಗೆಲ್ಲ ಬಾಯಿಪಾಠ. ವರ್ಷದ 365 ದಿನ, ಮುಂದೆ 1, ಹಿಂದೆ 9.

ಒಳಗಿನ ದೊಡ್ಡ ಹಾಲಿಗೆ ನಾಗರಿಕರ ಹಾಲ್ ಅಂತ ಹೆಸರು. ನೆಲದ ಅಮೃತಶಿಲೆಯಲ್ಲಿ ಪ್ರಪಂಚದ ನಕ್ಷೆ, ಆಕಾಶದ ನಕ್ಷೆ. ಹಡಗು ಕಳಿಸಿ ದುಡ್ಡು ಮಾಡಿದ ಊರು ಪ್ರಪಂಚವನ್ನೇ ಕಾಲ ಕೆಳಗೆ ಹಾಸಿಕೊಂಡಿತ್ತು. ಆ ಸೊಕ್ಕು ನನಗೆ ಹಿಡಿಸಲಿಲ್ಲ, ಆ ಹಡಗುಗಳು ಎಲ್ಲೆಲ್ಲಿಗೆ ಹೋಗಿ ಏನೇನು ಮಾಡಿದವು ಅನ್ನುವುದು ನಮಗೆ ಗೊತ್ತಲ್ಲ. ಆದರೆ ಪಕ್ಕದ ಒಂದು ಬಾಗಿಲು ನೋಡಿ ನಗು ಬಂತು. ದಿವಾಳಿ ಆದವರ ಲೆಕ್ಕ ನೋಡುತ್ತಿದ್ದ ಕೋಣೆಯ ಬಾಗಿಲು ಅದು. ಮೇಲೆ ಇಕಾರಸ್ ಬೀಳುತ್ತಿರುವ ಕೆತ್ತನೆ. ಸೂರ್ಯನ ಹತ್ತಿರ ಹಾರಲು ಹೋಗಿ ಮೇಣದ ರೆಕ್ಕೆ ಕರಗಿ ಬಿದ್ದ ಗ್ರೀಕ್ ಹುಡುಗ. ಅದರ ಸುತ್ತ ಖಾಲಿ ಹಣದ ಪೆಟ್ಟಿಗೆ, ಕಟ್ಟದೆ ಉಳಿದ ಬಿಲ್ಲುಗಳು, ಅವನ್ನು ಕಡಿಯುತ್ತಿರುವ ಇಲಿಗಳು. ಸಾಲದಲ್ಲಿ ಮುಳುಗಿ ಬಂದವನು ಒಳಗೆ ಹೋಗುವ ಮೊದಲು ಕತ್ತೆತ್ತಿ ಆ ಇಲಿಗಳನ್ನು ನೋಡಬೇಕಿತ್ತು. ಕ್ರೂರ ತಮಾಷೆ. ಕೆಳಗಿನ ಅಂತಸ್ತಿನಲ್ಲಿ ಮರಣದಂಡನೆ ಹೇಳುವ ಕೋಣೆ ಇದೆ. ಚೌಕದಲ್ಲಿ ನಿಂತ ಜನ ಅದನ್ನು ಕಿಟಕಿಯಿಂದ ನೋಡಬಹುದಿತ್ತು. ಶಿಕ್ಷೆ ಕೊಡುವವನೂ ಊರಿನ ಕಣ್ಣ ಮುಂದೆಯೇ ಕೊಡಬೇಕು ಅಂತ.

1808ರಲ್ಲಿ ಆ ದೇಶದ ರಾಜನಾಗಿದ್ದ ಲೂಯಿ, ನೆಪೋಲಿಯನ್ನನ ತಮ್ಮ, ಈ ಕಟ್ಟಡ ನನಗೆ ಬೇಕು ಅಂದ. ಊರಿನ ಆಡಳಿತ ಜಾಗ ಖಾಲಿ ಮಾಡಿತು. ಅವತ್ತಿನಿಂದ ಅದು ಅರಮನೆ. ಈಗ ಟಿಕೆಟ್ ಇದೆ, ಕಿವಿಗೆ ಹಾಕಿಕೊಳ್ಳುವ ಆಡಿಯೊ ಗೈಡ್ ಇದೆ, ದೀಪಗುಚ್ಛ ಇದೆ. ಎಲ್ಲ ಚೆನ್ನಾಗಿದೆ. ಆದರೆ ಇಲಿಗಳ ಕೆಳಗೆ ಹಾದುಹೋಗಲು ದಿವಾಳಿಯಾದವನೇ ಇಲ್ಲ. ಹೇಳುವುದಕ್ಕೆ ಯಾರೂ ಇಲ್ಲದೆ ಗೋಡೆ ತನ್ನಷ್ಟಕ್ಕೆ ಮಾತಾಡುವ ಹಾಗೆ ಅನ್ನಿಸಿತು. ಕಚೇರಿ ಹೊರಟುಹೋದ ಸಿಟಿ ಹಾಲ್ ನನಗೆ ಅರ್ಧ ಸಿಟಿ ಹಾಲ್.

ಅದಕ್ಕೇ ಅಮೆರಿಕದ ಫಿಲಡೆಲ್ಫಿಯಾದ ಸಿಟಿ ಹಾಲ್ ನನಗೆ ಇಷ್ಟವಾದದ್ದು. ಚಂದ ಇದೆ ಅಂತ ಅಲ್ಲ. ಅದು ಚಂದ ಇಲ್ಲ ಅಂತ ಬಹಳ ಜನ ಹೇಳಿದ್ದಾರೆ, ನನಗೂ ಒಂದು ದೊಡ್ಡ ಕೇಕಿನ ಹಾಗೆ ಕಂಡಿತು. 1871ರಲ್ಲಿ ಶುರುವಾಗಿ ಮುಗಿದದ್ದು 1901ರಲ್ಲಿ. ಪ್ರಪಂಚದಲ್ಲೇ ಎತ್ತರದ ಕಟ್ಟಡ ಆಗಬೇಕು ಅಂತ ಹೊರಟರು. ಮುಗಿಯುವಷ್ಟರಲ್ಲಿ ಐಫೆಲ್ ಗೋಪುರ ಎದ್ದು ನಿಂತಿತ್ತು. ಜನ ವಾಸಿಸುವ, ಕೆಲಸ ಮಾಡುವ ಕಟ್ಟಡಗಳಲ್ಲಿ ಎತ್ತರದ್ದು ಅನ್ನುವ ಹೆಸರು ಮಾತ್ರ 1908ರ ತನಕ ಸಿಕ್ಕಿತು. 167 ಮೀಟರ್. ಉಕ್ಕಿನ ಚೌಕಟ್ಟಿಲ್ಲ, ಭಾರವೆಲ್ಲ ಕಲ್ಲು ಇಟ್ಟಿಗೆಯ ಗೋಡೆಯ ಮೇಲೆ. ಬುಡದಲ್ಲಿ ಗೋಡೆಯ ದಪ್ಪ ಕೆಲವು ಕಡೆ 22 ಅಡಿ. 1950ರ ದಶಕದಲ್ಲಿ ಇದನ್ನು ಕೆಡವಿಬಿಡೋಣ ಅಂತ ಯೋಚನೆ ಬಂತು. ಲೆಕ್ಕ ಹಾಕಿದರೆ ಕೆಡವುವ ಖರ್ಚು ಊರಿನ ಕೈಗೆ ಎಟುಕುವ ಹಾಗಿರಲಿಲ್ಲ. ಹಾಗಾಗಿ ಉಳಿಯಿತು. ಪಾರಂಪರಿಕ ಕಟ್ಟಡಗಳು ಜನರ ಪ್ರೀತಿಯಿಂದ ಉಳಿಯುತ್ತವೆ ಅಂತ ಭಾಷಣದಲ್ಲಿ ಹೇಳುತ್ತಾರೆ. ದಪ್ಪ ಗೋಡೆಯಿಂದಲೂ ಉಳಿಯುತ್ತವೆ.

ಗೋಪುರದ ತುದಿಯಲ್ಲಿ ಪೆನ್ಸಿಲ್ವೇನಿಯಾ ವಸಾಹತನ್ನು ಕಟ್ಟಿದ ವಿಲಿಯಂ ಪೆನ್ನನ ವಿಗ್ರಹ. ಎತ್ತರ 37 ಅಡಿ, ತಲೆಯ ಮೇಲೆ ಅಗಲ ಅಂಚಿನ ಹ್ಯಾಟು. ಆ ಹ್ಯಾಟಿಗಿಂತ ಎತ್ತರ ಯಾರೂ ಕಟ್ಟಬಾರದು ಅಂತ ಊರಿನಲ್ಲಿ ಒಂದು ಬಾಯಿಮಾತಿನ ಒಪ್ಪಂದ. ಯಾವ ಕಾನೂನೂ ಇರಲಿಲ್ಲ, ಆದರೂ ನಡೆಯಿತು. 1987ರಲ್ಲಿ ಒಂದು ಗಾಜಿನ ಕಟ್ಟಡ ಅದನ್ನು ಮುರಿಯಿತು. ಅಲ್ಲಿಂದ ಮುಂದೆ ಊರಿನ ದೊಡ್ಡ ಕ್ರೀಡಾ ತಂಡಗಳು ಒಂದಾದ ಮೇಲೊಂದು ಸೋತವು. ಪೆನ್ನನ ಶಾಪ ಅಂದರು ಜನ. 2007ರಲ್ಲಿ ಇನ್ನೂ ಎತ್ತರದ ಹೊಸ ಕಟ್ಟಡ ಎದ್ದಾಗ ಕೆಲಸದವರು ಅದರ ತುತ್ತತುದಿಯ ತೊಲೆಗೆ ಒಂದು ಪುಟಾಣಿ ಪೆನ್ ಗೊಂಬೆ ಅಂಟಿಸಿದರು. ಮತ್ತೆ ಅವನೇ ಊರಿಗೆಲ್ಲ ಎತ್ತರ. ಮುಂದಿನ ವರ್ಷ ಊರಿನ ಬೇಸ್‌ಬಾಲ್ ತಂಡ ಗೆದ್ದಿತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ವಿಗ್ರಹದ ಕಾಲ ಬುಡದಲ್ಲಿ ಊರು ನೋಡಲು ಒಂದು ಜಾಗ ಇದೆ. ಪುಟ್ಟ ಲಿಫ್ಟು, ಒಂದು ಸಲಕ್ಕೆ ಕೆಲವೇ ಜನ. ಆದರೆ ಲಿಫ್ಟಿಗೆ ಕಾಯುವ ಹೊತ್ತಿನಲ್ಲಿ ನೋಡಿದ್ದೇ ನನಗೆ ಜಾಸ್ತಿ ನೆನಪಿದೆ. ಕಾರಿಡಾರಿನಲ್ಲಿ ಕೋರ್ಟಿಗೆ ಬಂದವರು, ಮದುವೆ ಲೈಸೆನ್ಸಿಗೆ ಬಂದವರು, ವಕೀಲರು, ಎಳೆಮಗುವನ್ನು ಎತ್ತಿಕೊಂಡು ಯಾವ ರೂಮು ಅಂತ ತಿಳಿಯದೆ ತಿರುಗುತ್ತಿದ್ದ ಒಬ್ಬ ತಾಯಿ. ಅವಳು ನನ್ನನ್ನೇ ದಾರಿ ಕೇಳಿದಳು. ನನ್ನ ಕತ್ತಿನಲ್ಲಿ ಕ್ಯಾಮೆರಾ ಇತ್ತು, ಪಾಪ ನೋಡಿರಲಿಲ್ಲ.

ಮುಂಬೈ ಪಾಲಿಕೆಯ ಕಟ್ಟಡವೂ ಇದೇ ಜಾತಿ. ಎದುರಿನ ರೈಲು ನಿಲ್ದಾಣವನ್ನೂ ಇದನ್ನೂ ಕಟ್ಟಿಸಿದ್ದು ಒಬ್ಬರೇ, ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. 1893ರಲ್ಲಿ ಮುಗಿದ ಕಟ್ಟಡ. ಮುಂದೆ ಫಿರೋಜ್‌ಶಾ ಮೆಹ್ತಾ ಅವರ ವಿಗ್ರಹ. ನೂರಾರು ಸಲ ಅದರ ಮುಂದೆ ಓಡಾಡಿದವರೂ ಒಳಗೆ ಕಾಲಿಟ್ಟಿರಲಿಲ್ಲ. 2021ರಲ್ಲಿ ಸಾರ್ವಜನಿಕರಿಗೆ ಗೈಡ್ ಜೊತೆ ನೋಡುವ ವ್ಯವಸ್ಥೆ ಶುರುವಾಯಿತು. ತೆರಿಗೆ ಕಟ್ಟಿದವರು ತಮ್ಮದೇ ಮೆಟ್ಟಿಲು ನೋಡಲು 128 ವರ್ಷ ಹಿಡಿಯಿತು.

ಕೆಲಸ ನಡೆಯುವ ಕಟ್ಟಡಕ್ಕೆ ಹೋಗುವುದರಲ್ಲಿ ಒಂದು ತೊಂದರೆ ಇದೆ. ಅವರ ಕೆಲಸಕ್ಕೆ ನಾವು ಅಡ್ಡ. ಯುರೋಪಿನ ಒಂದು ಊರಿನಲ್ಲಿ, ಹೆಸರು ಬೇಡ, ಎರಡು ಬಸ್ ಬದಲಿಸಿ ಹೋದರೆ ಬಾಗಿಲಲ್ಲೇ ತಡೆದರು. ಇವತ್ತು ಪರಿಷತ್ತಿನ ಸಭೆ, ಟೂರ್ ಇಲ್ಲ. ಬೋರ್ಡು ಹಾಕಿರಲಿಲ್ಲ, ವೆಬ್‌ಸೈಟಿನಲ್ಲೂ ಇರಲಿಲ್ಲ. ನಾನು ಸಿಟ್ಟಿನಲ್ಲಿ ಕಾವಲಿನವನ ಹತ್ತಿರ ವಾದ ಮಾಡಿದೆ. ಅವನು, "ಟೂರ್ ಇಲ್ಲ, ಆದರೆ ಸಭೆ ಕೇಳಬಹುದು, ಗ್ಯಾಲರಿ ತೆರೆದಿದೆ" ಅಂದ. ಅರ್ಥವಾಗದ ಭಾಷೆಯ ಸಭೆ ಕೇಳಿ ಏನು ಮಾಡಲಿ ಅಂತ ನಾನು ಎದುರಿನ ಬೆಂಚಿನಲ್ಲಿ ಮುಖ ಊದಿಸಿಕೊಂಡು ಕೂತೆ. ಅಕ್ಕ ಒಬ್ಬಳೇ ಒಳಗೆ ಹೋದಳು. ಒಂದು ಗಂಟೆ ಬಿಟ್ಟು ಬಂದಳು.

"ಏನಕ್ಕಾ ಅರ್ಥ ಆಯ್ತಾ?"

"ಕಸದ ವಿಷಯ ಇರಬೇಕು ಕಣೋ. ಎಲ್ಲರೂ ಎದ್ದೆದ್ದು ಮಾತಾಡ್ತಿದ್ರು. ಒಬ್ಬ ಮಾತ್ರ ಕೂತು ಬರ್ಕೋತಿದ್ದ. ಅವನೇ ಗುಮಾಸ್ತ."

ಅವಳು ನೋಡಿದ್ದು ನಾನು ನೋಡಲಿಲ್ಲವಲ್ಲ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ. ಅಕ್ಕನ ಮಗಳು ಅಲ್ಲೇ ಹತ್ತಿರದಲ್ಲಿ ಇದ್ದಾಳೆ. ಆ ಊರಿನ ಹಿಂದಿನ ಸಿಟಿ ಹಾಲ್ ಕಟ್ಟಲು 27 ವರ್ಷ ಹಿಡಿದಿತ್ತು. 1906ರ ಭೂಕಂಪದಲ್ಲಿ ಕೆಲವೇ ಕ್ಷಣಗಳಲ್ಲಿ ಕುಸಿಯಿತು. ಈಗಿನದ್ದು 1915ರದ್ದು. ಗುಮ್ಮಟ 307 ಅಡಿ, ದೇಶದ ರಾಜಧಾನಿಯಲ್ಲಿರುವ ಸಂಸತ್ ಭವನ ಕ್ಯಾಪಿಟಲ್‌ಗಿಂತಲೂ ಎತ್ತರ. 1989ರ ಭೂಕಂಪದಲ್ಲಿ ಪೆಟ್ಟಾದ ಮೇಲೆ ಇಡೀ ಕಟ್ಟಡದ ಬುಡಕ್ಕೆ ರಬ್ಬರು, ಉಕ್ಕು ಸೇರಿಸಿ ಮಾಡಿದ ಮೆತ್ತೆಗಳನ್ನು ಕೊಟ್ಟಿದ್ದಾರೆ. ನೆಲ ಅಲ್ಲಾಡಿದರೆ ಕಟ್ಟಡ ಅದರ ಮೇಲೆ ತೂಗುತ್ತದೆ. 1978ರಲ್ಲಿ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡೇ ಊರಿನ ಆಡಳಿತ ಮಂಡಳಿಗೆ ಗೆದ್ದು ಬಂದಿದ್ದ ಹಾರ್ವಿ ಮಿಲ್ಕ್ ಇದೇ ಕಟ್ಟಡದೊಳಗೆ ಗುಂಡಿಗೆ ಬಲಿಯಾದರು. ಮಿಲ್ಕ್ ಅವರ ಪ್ರತಿಮೆ ದೊಡ್ಡ ಮೆಟ್ಟಿಲು ಹತ್ತಿದರೆ ಸಿಗುತ್ತದೆ. 2004ರಲ್ಲಿ ಒಂದು ತಿಂಗಳ ಅವಧಿಯಲ್ಲಿ ಸುಮಾರು 4,000 ಸಲಿಂಗ ಜೋಡಿಗಳು ಇಲ್ಲಿ ಮದುವೆಯಾದರು. ಆಮೇಲೆ ಕೋರ್ಟು ಅವನ್ನು ರದ್ದು ಮಾಡಿತು.

ಮದುವೆ ಅಲ್ಲಿ ಈಗಲೂ ಕೆಲಸದ ದಿನಗಳಲ್ಲೇ ನಡೆಯುತ್ತದೆ. ಗುಮ್ಮಟದ ಕೆಳಗೆ, ಮೆಟ್ಟಿಲಿನ ಮೇಲ್ಗಡೆ, ಪ್ರವಾಸಿಗಳು ಓಡಾಡುವ ನಡುವೆಯೇ. ನಾವು ನಿಂತಿದ್ದ ಜಾಗದ ಹತ್ತಿರ ಒಂದು ಜೋಡಿ ಫೋನು ಹಿಡಿದು ಚಡಪಡಿಸುತ್ತಿತ್ತು. ಸಾಕ್ಷಿಗೆ ಬರಬೇಕಾಗಿದ್ದ ಗೆಳೆಯ ದಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಮದುವೆ ಮಾಡಿಸುವ ಅಧಿಕಾರಿ ಗಡಿಯಾರ ನೋಡುತ್ತಿದ್ದರು, ಹಿಂದೆ ಇನ್ನೊಂದು ಜೋಡಿ ಕಾಯುತ್ತಿತ್ತು. ಹುಡುಗಿ ನಮ್ಮ ಕಡೆ ಬಂದು, ಸಾಕ್ಷಿ ಹಾಕುತ್ತೀರಾ ಅಂತ ಕೇಳಿದಳು. ಕೇಳಿದ್ದು ನನ್ನನ್ನಲ್ಲ, ಸೀರೆ ಉಟ್ಟಿದ್ದ ಅಕ್ಕನನ್ನು.

"ಏನಂತೆ?" ಅಂದಳು ಅಕ್ಕ. ಹೇಳಿದೆ. ಅವಳು ತಕ್ಷಣ ಬ್ಯಾಗಿನಿಂದ ಕನ್ನಡಕ ತೆಗೆದಳು.

ಮದುವೆ ನಾಲ್ಕೈದು ನಿಮಿಷದಲ್ಲಿ ಮುಗಿಯಿತು. ಉಂಗುರ, ಒಂದು ಮುತ್ತು, ಕೆಳಗಿನಿಂದ ಯಾರೋ ಗೊತ್ತಿಲ್ಲದವರ ಚಪ್ಪಾಳೆ. ಆಮೇಲೆ ಕಾಗದ ಬಂತು. ಅಧಿಕಾರಿ ಸಹಿ ಮಾಡುವ ಜಾಗಕ್ಕೆ ಬೆರಳಿಟ್ಟು ತೋರಿಸಿದರು. ಅಕ್ಕ ಬೆರಳು ನೋಡಲೇ ಇಲ್ಲ. ಮೇಲಿನಿಂದ ಓದಲು ಶುರು ಮಾಡಿದಳು. ಹೆಸರು, ಹುಟ್ಟಿದ ತಾರೀಕು, ತಂದೆ ತಾಯಿ, ಒಂದೊಂದೇ ಸಾಲು.

"ಅಕ್ಕಾ, ಸಹಿ ಹಾಕು, ಅವರು ಕಾಯ್ತಿದ್ದಾರೆ."

"ನೀನು ಸುಮ್ನಿರೋ. ಓದದೆ ಸಹಿ ಹಾಕ್ತಾರಾ?"

ಅಧಿಕಾರಿ ಏನು ಅರ್ಥ ಮಾಡಿಕೊಂಡರೋ, ನಕ್ಕು ಸುಮ್ಮನಾದರು. ಓದಿ ಮುಗಿದ ಮೇಲೆ ಅಕ್ಕ ಇಂಗ್ಲಿಷಿನಲ್ಲೇ ಕೇಳಿದಳು, ವಿಳಾಸ ಊರಿನದ್ದೇ ಬರೆಯಲಾ ಅಂತ. ಬರೆಯಿರಿ, ಆದರೆ ಗೀಚಬೇಡಿ, ತಿದ್ದಬೇಡಿ, ತಪ್ಪಾದರೆ ಹೊಸ ಫಾರ್ಮ್ ಬೇಕಾಗುತ್ತದೆ ಅಂದರು. "ನಾನೂ ಮೂವತ್ತು ವರ್ಷ ಅದನ್ನೇ ಹೇಳಿದ್ದು" ಅಂತ ಅಕ್ಕ ಕನ್ನಡದಲ್ಲಿ ಗೊಣಗಿ, ದೊಡ್ಡ ಅಕ್ಷರಗಳಲ್ಲಿ ನಿಧಾನಕ್ಕೆ ಬರೆದಳು. ಸಹಿ ಹಾಕಿದಳು. ಹುಡುಗಿ ತಬ್ಬಿಕೊಂಡಳು. ಅಕ್ಕನಿಗೆ ಏನು ಮಾಡಬೇಕೋ ತೋಚದೆ ಅವಳ ತಲೆ ಸವರಿದಳು.

ನಾನು ಗುಮ್ಮಟದ ಫೋಟೊ ತೆಗೆಯಲು ಕತ್ತೆತ್ತಿದ್ದೆ. ಅಕ್ಕ ನನ್ನ ತೋಳು ಎಳೆದಳು. "ಈ ಕಾಗದ ಎಲ್ಲಿ ರಿಜಿಸ್ಟರ್ ಆಗುತ್ತೆ ಕೇಳು."

ದಾಖಲೆಗಳ ಕಚೇರಿ ಇದೇ ಕಟ್ಟಡದಲ್ಲಿ, ಕೆಳಗೆ ಅಂತ ಗೊತ್ತಾಯಿತು. ನೋಡಲೇಬೇಕು ಅಂತ ಹಟ ಹಿಡಿದಳು. ಅಮೃತಶಿಲೆಯ ಮೆಟ್ಟಿಲು ಇಳಿದು ಹೋದೆವು. ಒಳಗೆ ಸಾಧಾರಣ ಬೆಳಕು, ಕುರ್ಚಿಗಳ ಸಾಲು, ನಂಬರು ತೋರಿಸುವ ಪರದೆ. ಕೌಂಟರಿನ ಹಿಂದೆ ಒಬ್ಬ ಹೆಂಗಸು ಕನ್ನಡಕವನ್ನು ಹಣೆಗೆ ಏರಿಸಿಕೊಂಡು, ಕಾಗದಗಳ ಕೆಳಗೆ ಸ್ಟ್ಯಾಪ್ಲರ್ ಹುಡುಕುತ್ತಿದ್ದಳು. ಅಕ್ಕ ಬಾಗಿಲ ಹತ್ತಿರ ಬ್ಯಾಗು ಹಿಡಿದು ನಿಂತು, ಅದು ಸಿಗುವ ತನಕ ನೋಡಿದಳು.